ಸಂಪಾದಕರ ಉತ್ತರ: ಓನರ್ ಲೆಕ್ಕ ಕೊಡಲಿ

ಮೈಸೂರಿನಿಂದ ಓದುಗರೊಬ್ಬರು ಬರೆದಿದ್ದಾರೆ: "ಬೆಂಗಳೂರಿನ ರಾಜಾಜಿನಗರದಲ್ಲಿ ಓನರ್ ಮನೆಯ ಮೇಲಿನ ಮಹಡಿಯಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದೆವು. ಬಾಡಿಗೆ 18,000, ಅಡ್ವಾನ್ಸ್ 1,50,000. ಒಂದು ತಿಂಗಳು ಮೊದಲೇ ಹೇಳಿ, ಖಾಲಿ ಮಾಡಿ, ಕೀ ಕೊಟ್ಟು ಬಂದೆವು. ಎರಡೂವರೆ ತಿಂಗಳಾದರೂ ದುಡ್ಡು ಬಂದಿಲ್ಲ. ಪೇಂಟಿಂಗಿಗೆ 38,000, ಕ್ಲೀನಿಂಗಿಗೆ 6,000, ಒಡೆದ ವಾಶ್‌ಬೇಸಿನ್ನಿಗೆ 4,000 ಮುರಿದುಕೊಳ್ಳುತ್ತಾರಂತೆ. ಉಳಿದದ್ದು ಹೊಸ ಬಾಡಿಗೆಯವರು ಬಂದ ಮೇಲಂತೆ. ಬೇಸಿನ್ ಒಡೆದದ್ದು ನನ್ನ ಮಗನೇ, ಒಪ್ಪುತ್ತೇನೆ. ಅಗ್ರಿಮೆಂಟ್ 11 ತಿಂಗಳದ್ದು, ಆಮೇಲೆ ಮಾಡಿಸಲೇ ಇಲ್ಲ. ಅಡ್ವಾನ್ಸಿನಲ್ಲಿ 50,000 ಕ್ಯಾಶ್ ಕೊಟ್ಟಿದ್ದೆ. ಪೊಲೀಸ್ ಕಂಪ್ಲೇಂಟ್ ಕೊಡಲಾ? ನಾಲ್ಕು ವರ್ಷ ಅಂಕಲ್ ಅಂತ ಕರೆದವರು, ಮುಜುಗರವೂ ಆಗುತ್ತೆ."

ನಮಸ್ಕಾರ ಮೇಡಂ,

ನಿಮ್ಮ ಮುಜುಗರ ನನಗೆ ಚೆನ್ನಾಗಿ ಗೊತ್ತು. ಮದುವೆಗೆ ಮುಂಚೆ ಚಾಮರಾಜಪೇಟೆಯ ವಠಾರದಲ್ಲಿ ಒಂದು ರೂಮಿನಲ್ಲಿದ್ದೆ. ಬಿಟ್ಟಾಗ 8,000 ಬರಬೇಕಿತ್ತು. ಕೇಳಲು ಹೋದಾಗಲೆಲ್ಲ ಓನರ್ ಕೂರಿಸಿ, ಕಾಫಿ ಕೊಟ್ಟು, "ಮುಂದಿನ ವಾರ ಬಾಪ್ಪ" ಅನ್ನುತ್ತಿದ್ದರು. ನಾಲ್ಕು ಸಲ ಹೋದೆ. ಐದನೇ ಸಲ ಹೋಗಲು ನನಗೇ ನಾಚಿಕೆಯಾಯಿತು. ಒಂದು ಲೋಟ ಕಾಫಿಗೆ ಎರಡು ಸಾವಿರ ಬಿತ್ತು ಅಂತ ಈಗಲೂ ಹೆಂಡತಿ ಹಂಗಿಸುತ್ತಾಳೆ. ನಾಲ್ಕು ಸಲವೂ ಬಾಯಲ್ಲೇ ಕೇಳಿದ್ದೆ, ಒಂದು ಚೀಟಿ ಕೂಡ ಬರೆದಿರಲಿಲ್ಲ. ನೀವೂ ಇಷ್ಟು ದಿನ ಫೋನಿನಲ್ಲೇ ಕೇಳುತ್ತಿದ್ದೀರಿ, ಅಲ್ವಾ?

"ಹೊಸ ಬಾಡಿಗೆಯವರು ಬರಲಿ" ಅನ್ನುವುದರ ಹಿಂದೆ ಏನಿದೆ ಅಂತ ಬೆಂಗಳೂರಿನಲ್ಲಿ ಮನೆ ಬದಲಾಯಿಸಿದವರಿಗೆಲ್ಲ ಗೊತ್ತು. ನೀವು ಕೊಟ್ಟ ದುಡ್ಡು ನಿಮಗಿಂತ ಮೊದಲು ಇದ್ದವರಿಗೆ ಹೋಗಿರುತ್ತೆ, ಇಲ್ಲ ಯಾರದೋ ಫೀಸಿಗೋ ಬೋರ್‌ವೆಲ್ಲಿಗೋ ಹೋಗಿರುತ್ತೆ. ನಿಮ್ಮದನ್ನು ಕೊಡಲು ಇನ್ನೊಬ್ಬರ ಅಡ್ವಾನ್ಸ್ ಬರಬೇಕು. ಅಂಕಲ್ ಕೆಟ್ಟವರು ಅಂತಲ್ಲ, ಕೈಯಲ್ಲಿ ಇಲ್ಲದೆಯೂ ಇರಬಹುದು. ಆದರೆ ಅವರ ಮನೆ ಖಾಲಿ ಬಿದ್ದಿದ್ದರೆ ಅದರ ನಷ್ಟ ನಿಮ್ಮದಲ್ಲ. ಅಡ್ವಾನ್ಸ್ ಅನ್ನೋ ಹೆಸರೇ ಯಾಕೋ ಅವರ ಕಡೆ ವಾಲುತ್ತದೆ, ಮುಂಗಡ ಕೊಟ್ಟು ಮುಗಿಸಿದ ಹಾಗೆ. ಅಗ್ರಿಮೆಂಟಿನಲ್ಲಿ ಅದನ್ನು ಭದ್ರತಾ ಠೇವಣಿ ಅಂತಲೇ ಬರೆದಿದೆ.

ನೀವು ಕಳಿಸಿದ ಪ್ರತಿ ನೋಡಿದೆ. ಎರಡನೇ ಪುಟದಲ್ಲಿ ಎರಡು ಸಾಲಿವೆ. ಒಂದು, ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯತಕ್ಕದ್ದು. ಇನ್ನೊಂದು, ಮನೆ ಬಿಟ್ಟುಕೊಟ್ಟ ಕೂಡಲೇ ಠೇವಣಿಯನ್ನು ಬಡ್ಡಿಯಿಲ್ಲದೆ ಹಿಂದಿರುಗಿಸತಕ್ಕದ್ದು. ಅಂದಮೇಲೆ ಪೇಂಟಿಂಗಿಗೆ 18,000 ಬಿಡಲೇಬೇಕು, ಆ ಸಾಲಿಗೆ ನೀವು ಸಹಿ ಹಾಕಿದ್ದೀರಿ. ಬೇಸಿನ್ ಒಪ್ಪಿಕೊಂಡಿದ್ದೀರಿ, ಬಿಲ್ ತೋರಿಸಿದರೆ 4,000 ಬಿಡಿ. ಕ್ಲೀನಿಂಗ್ ಎಲ್ಲೂ ಇಲ್ಲ. ಗುಡಿಸಿ ಒರೆಸಿ ಬಂದ ಮನೆಗೆ ಆರು ಸಾವಿರ ಯಾಕೆ? ನಿಮಗೆ ಬರಬೇಕಾದ್ದು 1,28,000.

ನಾಲ್ಕು ವರ್ಷ ಜನ ಬಾಳಿದ ಮನೆ ನಾಲ್ಕು ವರ್ಷ ಹಳೆಯದಾಗಿಯೇ ಕಾಣಬೇಕು. ಕ್ಯಾಲೆಂಡರ್ ಮೊಳೆಯ ತೂತು, ಒಗ್ಗರಣೆ ಹೊಗೆಗೆ ಹಳದಿಯಾದ ಅಡುಗೆಮನೆ ಗೋಡೆ, ಸೋಫಾ ಒರಗಿದಲ್ಲಿ ಎದ್ದ ಬಣ್ಣ, ಇವೆಲ್ಲ ಬಳಸಿದ್ದರಿಂದ ಆಗುವ ಸವೆತ. ಬಾಡಿಗೆದಾರ ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು, ಆದರೆ ಸಹಜ ಸವೆತ ಬಿಟ್ಟು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನೇ ಹೇಳುತ್ತದೆ. ನಿಮ್ಮ ಮಗ ರೂಮಿನ ಗೋಡೆಯ ಮೇಲೆ ವರ್ಷ ವರ್ಷ ಎತ್ತರದ ಗೆರೆ ಎಳೆದಿದ್ದಾನೆ ಅಂತ ಬರೆದಿದ್ದೀರಿ. ಪೆನ್ಸಿಲ್ ಗೆರೆ ತಾನೇ, 18,000ದ ಪೇಂಟಿಂಗಿನಲ್ಲಿ ಅದೂ ಸೇರಿಕೊಳ್ಳುತ್ತೆ. ಅದರ ಫೋಟೊ ಇದ್ದರೆ ಜೋಪಾನ, ಕೇಸಿಗಲ್ಲದಿದ್ದರೂ.

ಅಗ್ರಿಮೆಂಟ್ ಮುಗಿದು ಮೂರು ವರ್ಷವಾಯಿತು, ಬೆಲೆ ಇದೆಯಾ ಅಂತ ಚಿಂತೆ ಬೇಡ. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತೆ. ಅದೇ ಕಾಯ್ದೆಯ 116ನೇ ಸೆಕ್ಷನ್. ಇನ್ನು ಕ್ಯಾಶ್: "1,50,000 ಸ್ವೀಕರಿಸಿದ್ದೇನೆ" ಅಂತ ಬರೆದು ಓನರ್ ಸಹಿ ಮಾಡಿದ್ದಾರಲ್ಲ, ಅದೇ ರಸೀದಿ.

ಪೊಲೀಸ್ ಸ್ಟೇಷನ್ ಬೇಡ. ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ ಅಂತ ಕಳಿಸುತ್ತಾರೆ. ಪೊಲೀಸ್ ಹೆಸರು ಹೇಳಿ ಹೆದರಿಸುವುದೂ ಬೇಡ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ನಿಮಗೆ ಸಿಗುವುದಿಲ್ಲ. ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ದಾಟಿದ ಬಾಡಿಗೆಯ ಮನೆಗಳು ಅದರ ಹೊರಗೆ. ಈಗ ಆ ಬಾಡಿಗೆಗೆ ಕಾರ್ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ! ವಾಸದ ಮನೆಗೆ ಎರಡೇ ತಿಂಗಳ ಠೇವಣಿ ಅಂತ ಪೇಪರಿನಲ್ಲಿ ಓದಿರುತ್ತೀರಿ. ಅದು ಕೇಂದ್ರದ 2021ರ ಮಾದರಿ ಕಾಯ್ದೆ, ರಾಜ್ಯಗಳು ತಮ್ಮ ಕಾನೂನಾಗಿ ತಂದರೆ ಮಾತ್ರ ಉಂಟು.

ಮೊದಲು ಓನರ್‌ಗೆ ವಾಟ್ಸಾಪ್‌ನಲ್ಲಿ ಬರೆಯಿರಿ. ಜಗಳದ ಧಾಟಿ ಬೇಡ, ಅಂಕಲ್ ಅಂತಲೇ ಕರೆಯಿರಿ. ಅವರೇ ಬರವಣಿಗೆಯಲ್ಲಿ ಲೆಕ್ಕ ಕೊಡುವ ಹಾಗೆ ಕೇಳಿ. ಇಂತಿಂಥದ್ದಕ್ಕೆ ಇಷ್ಟು ಹಿಡಿದಿದ್ದೇನೆ ಅಂತ ಉತ್ತರ ಬಂದರೆ, ದುಡ್ಡು ತಮ್ಮ ಹತ್ತಿರ ಇದೆ, ಕೊಡಬೇಕು ಅಂತ ಅವರೇ ಒಪ್ಪಿಕೊಂಡ ಹಾಗೆ. ವಾರದೊಳಗೆ ಉತ್ತರ ಬರದಿದ್ದರೆ ವಕೀಲರಿಂದ ನೋಟಿಸ್ ಕಳಿಸಿ, ಹದಿನೈದು ದಿನದ ಗಡುವು ಕೊಟ್ಟು, ತಲುಪಿದ್ದಕ್ಕೆ ಪುರಾವೆ ಸಿಗುವಂತೆ. ಗಡುವು ದಾಟಿದರೆ ಬಡ್ಡಿ ಕೇಳುತ್ತೇನೆ ಅನ್ನುವ ಸಾಲು ಅದರಲ್ಲಿ ಇರಲೇಬೇಕು. "ಬಡ್ಡಿಯಿಲ್ಲದೆ" ಅಂತ ಒಪ್ಪಿದ್ದು ನೀವು ಮನೆಯಲ್ಲಿದ್ದ ಕಾಲಕ್ಕೆ, ಅವರು ಸತಾಯಿಸುವ ಕಾಲಕ್ಕಲ್ಲ ಅಂತ ವಾದಿಸಬಹುದು.

ವಕೀಲರ ಫೀಸಿನ ಭಯ ಇದ್ದರೆ ಕೇಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. 15100ಕ್ಕೆ ಫೋನ್ ಮಾಡಿ, ಇಲ್ಲ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕೇಸ್ ಹಾಕುವ ಮುಂಚೆಯೇ ಇಬ್ಬರನ್ನೂ ಕರೆಸಿ ಕೂರಿಸುತ್ತಾರೆ. ಓನರ್ ಬರಲೇಬೇಕು, ಒಪ್ಪಲೇಬೇಕು ಅಂತಿಲ್ಲ. ಆದರೆ ಪ್ರಾಧಿಕಾರ ರಾಜಿಗಾಗಿ ನಡೆಸುವ ಲೋಕ ಅದಾಲತ್‌ನಲ್ಲಿ ಒಪ್ಪಿ ಸಹಿ ಹಾಕಿದರೆ ಅದು ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ ಸಮ, ಅಪೀಲು ಇಲ್ಲ. ನಿಮ್ಮಂಥ ಲೆಕ್ಕ ಬಹಳಷ್ಟು ಇಲ್ಲೇ ಮುಗಿಸಬಹುದು ಅಂತ ನನ್ನ ಅನಿಸಿಕೆ. ಮುಗಿಯದಿದ್ದರೆ ಸಿವಿಲ್ ದಾವೆ, ಅದಕ್ಕೆ ಮೂರು ವರ್ಷದ ಕಾಲಮಿತಿ ಇದೆ. ಅಷ್ಟು ಕಾಯುವುದು ಬೇಡ, ನಾನು ಕಾದು ಕೆಟ್ಟವನು.

ಮೆಸೇಜಿನಲ್ಲಿ ಇಷ್ಟಿದ್ದರೆ ಸಾಕು: "ಅಂಕಲ್, ಇಂಥ ದಿನ ಕೀ ಒಪ್ಪಿಸಿದ್ದೇವೆ. ಅಡ್ವಾನ್ಸ್ 1,50,000. ಅಗ್ರಿಮೆಂಟ್ ಪ್ರಕಾರ ಪೇಂಟಿಂಗ್ 18,000, ಬೇಸಿನ್ನಿಗೆ ಬಿಲ್ ಪ್ರಕಾರ 4,000 ಕಳೆದು 1,28,000 ಬರಬೇಕು. ಬೇರೆ ಏನಾದರೂ ಹಿಡಿದಿದ್ದರೆ ಬಿಲ್ ಸಮೇತ ತಿಳಿಸಿ." ಕೆಳಗೆ ನಿಮ್ಮ ಬ್ಯಾಂಕ್ ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್ ಹಾಕಿ. ಕೊನೆಯ ಕರೆಂಟ್ ಬಿಲ್ ಕಟ್ಟಿದ ರಸೀದಿಯ ಫೋಟೊನೂ ಸೇರಿಸಿ, ಇಲ್ಲದಿದ್ದರೆ ಮುಂದಿನ ನೆಪ ಅದೇ ಆಗಿರುತ್ತೆ.