ರಿಲೇ ಆನ್ ಆದ ಕೂಡಲೇ ಡಿಗ್ರಿ ಏರುತ್ತೆ, ಯಾಕೆ?

ಪ್ರಶ್ನೆ: ಸರ್, ನಾಟಿ ಕೋಳಿ ಮೊಟ್ಟೆ ಮರಿ ಮಾಡಿಸೋಕೆ ಇನ್‌ಕ್ಯುಬೇಟರ್ ಕಟ್ಟಿದ್ದೇನೆ. ಎಟಿಮೆಗಾ328 ಚಿಪ್, ಬಿಸಿ ಅಳೆಯೋಕೆ ಎಲ್‌ಎಂ35 ಸೆನ್ಸರ್, ಬಲ್ಬ್ ಆನ್-ಆಫ್ ಮಾಡೋಕೆ ಒಂದು ರಿಲೇ. ಬ್ರೆಡ್‌ಬೋರ್ಡ್ ಮೇಲೆ ಚೆನ್ನಾಗಿತ್ತು. ಕಿಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಸರ್ಕ್ಯೂಟ್ ಬೋರ್ಡ್ ಬಿಡಿಸಿ ಮಾಡಿಸಿದ ಮೇಲೆ, 37.5 ಡಿಗ್ರಿ ಹತ್ತಿರ ಬಂದರೆ ಸಾಕು, ರಿಲೇ ಟಕಟಕ ಅಂತ ಬಡಿದುಕೊಳ್ಳುತ್ತೆ. ರಿಲೇ ಆನ್ ಇದ್ದಾಗ ಒಂದು ಡಿಗ್ರಿಗಿಂತ ಜಾಸ್ತಿನೇ ಏರಿಸಿ ತೋರಿಸುತ್ತೆ. ಕೋಡ್‌ನಲ್ಲಿ ಸರಾಸರಿ ತೆಗೆದರೂ ಹೋಗಲಿಲ್ಲ. ಸೆನ್ಸರ್‌ನಿಂದ ಚಿಪ್‌ಗೆ ಟ್ರ್ಯಾಕ್ (ಬೋರ್ಡ್ ಮೇಲಿನ ತಾಮ್ರದ ಗೆರೆ) 6 ಸೆಂ.ಮೀ. ಇದೆ, ಉದ್ದ ಆಯ್ತಾ? ಬೋರ್ಡ್ ಚಿತ್ರ ಕಳಿಸಿದ್ದೇನೆ.
— ಓದುಗರು, ತಿಪಟೂರು

ಉತ್ತರ: ಆ 6 ಸೆಂ.ಮೀ. ತಪ್ಪಲ್ಲ. ತಪ್ಪಿರುವುದು ಗ್ರೌಂಡ್‌ನಲ್ಲಿ, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿಯಲ್ಲಿ. ನಿಮ್ಮ ಚಿತ್ರದಲ್ಲಿ ಗ್ರೌಂಡ್ ಕೂಡ 0.25 ಮಿ.ಮೀ. ಅಗಲದ ಟ್ರ್ಯಾಕೇ, ಅಡಾಪ್ಟರ್ ಸಾಕೆಟ್‌ನಿಂದ ಹೊರಟು ಮೊದಲು ಚಿಪ್, ಬೋರ್ಡ್ ಅಂಚು ಸುತ್ತಿಕೊಂಡು ಆಮೇಲೆ ಸೆನ್ಸರ್, ಕೊನೆಗೆ ರಿಲೇ. ಅಂದರೆ ರಿಲೇ ಕಾಯಿಲ್‌ನ ಕರೆಂಟ್ ವಾಪಸ್ ಹೋಗುವಾಗ ಸೆನ್ಸರ್‌ನ ಗ್ರೌಂಡ್ ಮೇಲೇ ಹಾದು ಹೋಗಬೇಕು, ಬೇರೆ ದಾರಿನೇ ಇಲ್ಲ. ಲೆಕ್ಕ ಹಾಕೋಣ. ಸಾಮಾನ್ಯ ಬೋರ್ಡ್‌ನ ತಾಮ್ರ 35 ಮೈಕ್ರಾನ್ ದಪ್ಪ, ಅಷ್ಟು ಸಣ್ಣ ಟ್ರ್ಯಾಕ್ 10 ಸೆಂ.ಮೀ. ಉದ್ದ ಹೋದರೆ ಸುಮಾರು 0.2 ಓಮ್. 5 ವೋಲ್ಟಿನ ರಿಲೇ ಕಾಯಿಲ್ ಸುಮಾರು 70 ಮಿಲಿಆಂಪ್ ಎಳೆಯುತ್ತದೆ. ಎರಡೂ ಗುಣಿಸಿದರೆ 14 ಮಿಲಿವೋಲ್ಟ್. ಸೆನ್ಸರ್‌ನ ಗ್ರೌಂಡ್ ಚಿಪ್‌ನ ಗ್ರೌಂಡ್‌ಗಿಂತ ಅಷ್ಟು ಮೇಲೇರುತ್ತದೆ, ಚಿಪ್ ಅದನ್ನೂ ಸೇರಿಸಿಯೇ ಓದುತ್ತದೆ. ಎಲ್‌ಎಂ35 ಡಿಗ್ರಿಗೆ 10 ಮಿಲಿವೋಲ್ಟ್ ಕೊಡುವ ಸೆನ್ಸರ್, ಹಾಗಾಗಿ ಅದು 1.4 ಡಿಗ್ರಿ! ರಿಲೇ ಆನ್ ಆಗುತ್ತದೆ, ಚಿಪ್‌ಗೆ ಬಿಸಿ ಜಾಸ್ತಿ ಆದಂತೆ ಕಾಣುತ್ತದೆ, ಆಫ್ ಮಾಡುತ್ತದೆ, ಓದುವಿಕೆ ಇಳಿಯುತ್ತದೆ, ಮತ್ತೆ ಆನ್. ರಿಲೇ ಆನ್ ಇರುವಷ್ಟು ಹೊತ್ತೂ ಆ ವೋಲ್ಟೇಜ್ ಹಾಗೇ ನಿಂತಿರುತ್ತದೆ, ಅದಕ್ಕೇ ಸರಾಸರಿ ತೆಗೆದರೂ ಹೋಗಲಿಲ್ಲ.

ನಂಬಿಕೆ ಬರಲಿಲ್ವಾ? ಬಲ್ಬಿನ ಮೇನ್ಸ್ ಬಿಚ್ಚಿಟ್ಟು ರಿಲೇ ಆನ್ ಮಾಡಿ, ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಸೆನ್ಸರ್‌ನ 3ನೇ ಕಾಲಿಗೂ ಚಿಪ್‌ನ 22ನೇ ಪಿನ್‌ಗೂ (ಎರಡೂ ಗ್ರೌಂಡೇ) ಹಿಡಿಯಿರಿ, ಆ ಮಿಲಿವೋಲ್ಟ್ ಕಾಣುತ್ತದೆ. ಈ ಬೋರ್ಡ್ ಎಸೆಯಬೇಡಿ. ಸೆನ್ಸರ್‌ಗೂ ರಿಲೇಗೂ ನಡುವಿನ ಗ್ರೌಂಡ್ ಟ್ರ್ಯಾಕನ್ನು ಬ್ಲೇಡ್‌ನಲ್ಲಿ ಕೆರೆದು ಕತ್ತರಿಸಿ, ರಿಲೇ ಟ್ರಾನ್ಸಿಸ್ಟರ್‌ನ ಎಮಿಟರ್‌ನಿಂದ ದಪ್ಪ ವೈರನ್ನು ನೇರ ಸಾಕೆಟ್‌ನ ಗ್ರೌಂಡ್‌ಗೆ ಸೋಲ್ಡರ್ ಮಾಡಿ.

ಮುಂದಿನ ಬೋರ್ಡ್‌ನಲ್ಲಿ ಟ್ರ್ಯಾಕ್ ಎಳೆಯೋಕೆ ಮುಂಚೆ ಜಾಗ ಯೋಚಿಸಿ. ರಿಲೇಯನ್ನು ಅಡಾಪ್ಟರ್ ಸಾಕೆಟ್‌ನ ಪಕ್ಕ ಇಡಿ, ಸೆನ್ಸರ್ ಕನೆಕ್ಟರ್ ಅದರ ಎದುರು ತುದಿಗೆ, ಚಿಪ್ ನಡುವೆ. ಕೆಳಗಿನ ಪದರ ಪೂರ್ತಿ ಗ್ರೌಂಡ್‌ಗೇ ಬಿಟ್ಟುಬಿಡಿ. ಅಲ್ಲಿ ಒಂದು ಉದ್ದನೆಯ ಟ್ರ್ಯಾಕ್ ಎಳೆದರೂ ಆ ತಾಮ್ರ ಸೀಳಿ ಹೋಗುತ್ತದೆ, ಕರೆಂಟ್ ಸುತ್ತಿ ಬಳಸಿ ಬರಬೇಕಾಗುತ್ತದೆ, ಕಿಕ್ಯಾಡ್ ಮಾತ್ರ ತಪ್ಪು ಅಂತ ತೋರಿಸೋದೇ ಇಲ್ಲ. ನಿಮ್ಮ 100 ನ್ಯಾನೊಫ್ಯಾರಡ್ ಕೆಪಾಸಿಟರ್‌ಗಳು ಒಂದು ಮೂಲೆಯಲ್ಲಿ ಸಾಲಾಗಿ ನಿಂತಿವೆ, ನೋಡೋಕೆ ಅಚ್ಚುಕಟ್ಟು, ಆದರೆ ಅವು ಚಿಪ್‌ಗೆ ವಿದ್ಯುತ್ ಬರುವ 7 ಮತ್ತು 20ನೇ ಪಿನ್‌ಗಳಿಗೆ ಅಂಟಿಕೊಂಡ ಹಾಗೆ ಇರಬೇಕು. 16 ಮೆಗಾಹರ್ಟ್ಸ್ ಕ್ರಿಸ್ಟಲ್ಲೂ ಅಷ್ಟೇ, 9 ಮತ್ತು 10ನೇ ಪಿನ್‌ನಿಂದ ಒಂದು ಸೆಂ.ಮೀ. ಒಳಗೆ. ಚಿಕ್ಕ ಟ್ರ್ಯಾಕ್ ನಿಜವಾಗಿ ಬೇಕಿರುವುದು ಇಲ್ಲಿ.

ಇನ್ನೊಂದು ಮಾತು, ಬಲ್ಬಿನ 230 ವೋಲ್ಟ್ ಟ್ರ್ಯಾಕ್ ಸೆನ್ಸರ್ ಗ್ರೌಂಡ್‌ಗೆ ತೀರಾ ಹತ್ತಿರ ಬಂದಿದೆ. ಕನಿಷ್ಠ 6 ಮಿ.ಮೀ. ಅಂತರ ಬಿಡಿ, ಕೆಳಗಿನ ಗ್ರೌಂಡ್ ತಾಮ್ರವನ್ನೂ ಅಲ್ಲಿಂದ ದೂರ ನಿಲ್ಲಿಸಿ. ಅದು ಸರಿಯಾಗುವವರೆಗೆ ದಯವಿಟ್ಟು ಈ ಬೋರ್ಡ್‌ಗೆ ಮೇನ್ಸ್ ಕೊಡಬೇಡಿ.