ವೈನ್ ಇಲ್ಲದೆ, ದುಬಾರಿ ಸ್ವಿಸ್ ಚೀಸ್ ಇಲ್ಲದೆ ಮನೆಯಲ್ಲಿ ಫಾಂಡ್ಯೂ ಮಾಡಬಹುದಾ?

ಮಾಡಬಹುದು. ಚೆನ್ನಾಗಿಯೇ ಬರುತ್ತದೆ. ಫಾಂಡ್ಯೂ ಅಂದರೆ ವೈನಿನಲ್ಲಿ ಚೀಸ್ ಕರಗಿಸಿ, ಬಿಸಿಬಿಸಿಯಾಗಿ ಬ್ರೆಡ್ ತುಂಡು ಅದ್ದಿ ತಿನ್ನುವ ಸ್ವಿಟ್ಜರ್ಲೆಂಡಿನ ಅಡುಗೆ.

ನೀವು ಬರೆದಿರುವುದು ಇಷ್ಟು. ಶನಿವಾರ ರಾತ್ರಿ ಆರು ಜನ ಊಟಕ್ಕೆ ಬರುತ್ತಾರೆ. ಅವರಲ್ಲಿ ಇಬ್ಬರು ಪಕ್ಕಾ ಸಸ್ಯಾಹಾರಿಗಳು. ಮನೆಗೆ ವೈನ್ ತರುವ ಹಾಗಿಲ್ಲ. ಸ್ವಿಸ್ ಚೀಸ್ ಬೆಲೆ ನೋಡಿ ಗಾಬರಿಯಾಗಿದೆ. ಹಿಂದೊಮ್ಮೆ ಪಿಜ್ಜಾ ಚೀಸ್ ಹಾಕಿ ಮಾಡಿದಾಗ ಮೇಲೆ ಎಣ್ಣೆ ತೇಲಿ, ತಳದಲ್ಲಿ ಗಟ್ಟಿ ಮುದ್ದೆ ಉಳಿದಿತ್ತು. ಎಲ್ಲದಕ್ಕೂ ಉತ್ತರ ಇದೆ. ಆದರೆ ನೀವು ಕೇಳದೆ ಬಿಟ್ಟ ಒಂದು ವಿಷಯ ನನಗೆ ಇವೆಲ್ಲಕ್ಕಿಂತ ಮುಖ್ಯ. ಅದು ಎಂಜಲು. ಒಂದೇ ಪಾತ್ರೆಯಲ್ಲಿ ಎಲ್ಲರೂ ಅದ್ದಿ ತಿನ್ನುವ ಅಡುಗೆ ಇದು. ಬಂದವರು ಮುಜುಗರ ಇಲ್ಲದೆ ಕೈ ಚಾಚುವ ಹಾಗೆ ಮಾಡುವುದೇ ಇಲ್ಲಿ ಅರ್ಧ ಕೆಲಸ. ಅದನ್ನು ಕೆಳಗೆ ವಿವರವಾಗಿ ಹೇಳುತ್ತೇನೆ.

ಮೊದಲು ಚೀಸ್. ಸ್ವಿಟ್ಜರ್ಲೆಂಡಿನಲ್ಲೂ ಫಾಂಡ್ಯೂ ಒಂದೇ ತರಹ ಇಲ್ಲ. ಫ್ರಿಬೂರ್ ಕಡೆಯವರು ಗ್ರುಯೇರ್ ಎಂಬ ಚೀಸ್ ಅರ್ಧ, ವಾಶ್ರಾನ್ ಎಂಬ ಚೀಸ್ ಅರ್ಧ ಹಾಕುತ್ತಾರೆ. ನ್ಯೂಶಾಟೆಲ್ ಕಡೆಯವರು ಗ್ರುಯೇರ್ ಜೊತೆ ಎಮೆಂಟಾಲ್ ಎಂಬ ಚೀಸ್ ಸೇರಿಸುತ್ತಾರೆ. ಘಾಟಾದ ರುಚಿಯ ಚೀಸ್ ಒಂದು, ನಯವಾಗಿ ಕರಗುವ ಚೀಸ್ ಇನ್ನೊಂದು. ಈ ಜೋಡಿ ಇದ್ದರೆ ಸಾಕು, ಹೆಸರು ಅದೇ ಆಗಬೇಕಿಲ್ಲ.

ಇನ್ನೊಂದು ಮಾತು. ಅಸಲಿ ಗ್ರುಯೇರ್‌ಗೆ ಹಾಲು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ನಿಮ್ಮ ಆ ಇಬ್ಬರು ಅತಿಥಿಗಳಿಗೆ ಇದು ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲ ಅಂತ ಬಡಿಸುವುದು ಸರಿಯಲ್ಲ. ಹಾಗಾಗಿ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ಮೈಕ್ರೋಬಿಯಲ್ ರೆನೆಟ್, ಅಂದರೆ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್, ಅಂತ ಇದ್ದರೆ ಇನ್ನೂ ನಿಶ್ಚಿಂತೆ. ಬಂದವರಿಗೂ ಮೊದಲೇ ಹೇಳಿಬಿಡಿ.

ಆರು ಜನಕ್ಕೆ 600 ಗ್ರಾಂ ಚೀಸ್ ಲೆಕ್ಕ ಹಾಕಿ. ಸ್ವಿಸ್ ಮನೆಗಳಲ್ಲಿ ಒಬ್ಬರಿಗೆ 200 ಗ್ರಾಂ ಇಡುತ್ತಾರೆ, ಯಾಕೆಂದರೆ ಅಲ್ಲಿ ಫಾಂಡ್ಯೂನೇ ಇಡೀ ಊಟ. ನಮ್ಮಲ್ಲಿ ಅಷ್ಟು ಚೀಸ್ ತಿಂದು ರೂಢಿ ಇಲ್ಲ, ಜೊತೆಗೆ ಬೇರೆ ಏನಾದರೂ ಇದ್ದೇ ಇರುತ್ತದೆ. ನಾನು ಹಾಕುವುದು 350 ಗ್ರಾಂ ಚೆಡ್ಡಾರ್, 175 ಗ್ರಾಂ ಗೌಡಾ, ಉಳಿದ 75 ಗ್ರಾಂ ನಮ್ಮ ಮಾಮೂಲಿ ಪ್ರೋಸೆಸ್ಡ್ ಚೀಸ್, ಅಂದರೆ ಅಮೂಲ್ ಕ್ಯೂಬ್ ಮೂರು. ಚೆಡ್ಡಾರ್ ಕೊಳ್ಳುವಾಗ ಹುಷಾರು. ಚೆಡ್ಡಾರ್ ಅಂತ ದೊಡ್ಡದಾಗಿ ಬರೆದು, ಕೆಳಗೆ ಸಣ್ಣಕ್ಷರದಲ್ಲಿ ಪ್ರೋಸೆಸ್ಡ್ ಅಂತ ಇರುವ ಸ್ಲೈಸ್‌ಗಳು ಜಾಸ್ತಿ. ನಿಮಗೆ ಬೇಕಿರುವುದು ಗಟ್ಟಿ ತುಂಡಾಗಿ ಸಿಗುವ ನ್ಯಾಚುರಲ್ ಚೀಸ್. ನಾಮಧಾರೀಸ್‌ನಂಥ ಅಂಗಡಿಗಳಲ್ಲಿ ಹುಡುಕಿ. ಕೊಡೈಕೆನಾಲ್ ಕಡೆಯಿಂದ ಬರುವ ಚೆಡ್ಡಾರ್, ಗೌಡಾ ಎರಡೂ ಇದಕ್ಕೆ ಹೊಂದುತ್ತವೆ. ತುಂಬಾ ಹಳೆಯ, ಪುಡಿಪುಡಿಯಾಗುವ ಚೆಡ್ಡಾರ್ ಬೇಡ, ಅದು ಬೇಗ ಎಣ್ಣೆ ಬಿಡುತ್ತದೆ.

ಕ್ಯೂಬ್ ಯಾಕೆ ಅಂತ ಕೇಳಬಹುದು. ಅದು ರುಚಿಗೆ ಅಲ್ಲ. 1911ರಲ್ಲಿ ಸ್ವಿಟ್ಜರ್ಲೆಂಡಿನ ಥೂನ್ ಎಂಬ ಊರಿನಲ್ಲಿ ವಾಲ್ಟರ್ ಗೆರ್ಬರ್, ಫ್ರಿಟ್ಜ್ ಸ್ಟೆಟ್ಲರ್ ಎಂಬಿಬ್ಬರು ಎಮೆಂಟಾಲ್‌ಗೆ ಸೋಡಿಯಂ ಸಿಟ್ರೇಟ್ ಸೇರಿಸಿ ಕಾಯಿಸಿದರು. ಪ್ರೋಸೆಸ್ಡ್ ಚೀಸ್ ಹುಟ್ಟಿದ್ದು ಹಾಗೆ. ಇವತ್ತಿನ ಕ್ಯೂಬ್‌ನಲ್ಲೂ ಅಂಥದೇ ಲವಣಗಳಿವೆ. ಅವು ಕೊಬ್ಬು ಮತ್ತು ನೀರು ಬೇರೆಯಾಗದ ಹಾಗೆ ಹಿಡಿದಿಡುತ್ತವೆ. ಮೂರು ಕ್ಯೂಬ್ ಹಾಕಿದರೆ ಇಡೀ ಪಾತ್ರೆಯ ಚೀಸ್ ಒಡೆಯದೆ ನಿಲ್ಲುತ್ತದೆ. ಪೂರ್ತಿ ಕ್ಯೂಬಿನಲ್ಲೇ ಮಾಡಿದರೆ ಒಡೆಯುವುದಿಲ್ಲ ನಿಜ, ಆದರೆ ಉಪ್ಪು ಬಿಟ್ಟರೆ ಬೇರೆ ರುಚಿಯೇ ಇಲ್ಲದ ಸಾಸ್ ಆಗುತ್ತದೆ. ಅದನ್ನು ಫಾಂಡ್ಯೂ ಅನ್ನಲು ನನಗೆ ಮನಸ್ಸಿಲ್ಲ.

ಈಗ ನಿಮ್ಮ ಪಿಜ್ಜಾ ಚೀಸಿನ, ಅಂದರೆ ಮೊಝರೆಲ್ಲಾದ ವಿಷಯ. ಚೀಸಿನಲ್ಲಿರುವ ಕೇಸಿನ್ ಎಂಬ ಪ್ರೋಟೀನನ್ನು ಕ್ಯಾಲ್ಸಿಯಂ ಒಂದಕ್ಕೊಂದು ಕಟ್ಟಿ ಹಿಡಿದಿರುತ್ತದೆ. ಜೋರು ಉರಿ ಕೊಟ್ಟರೆ ಆ ಪ್ರೋಟೀನ್ ಬಿಗಿದುಕೊಂಡು, ಒಳಗಿನ ಕೊಬ್ಬನ್ನು ಹೊರಗೆ ಹಿಂಡುತ್ತದೆ. ನೀವು ನೋಡಿದ ಎಣ್ಣೆ ಅದೇ. ಮೊಝರೆಲ್ಲಾ ಎಳೆಎಳೆಯಾಗಿ ಬರಲೆಂದೇ ಮಾಡಿದ ಚೀಸ್, ಪಾತ್ರೆಯಲ್ಲಿ ಅರ್ಧ ಗಂಟೆ ನಯವಾಗಿ ಇರು ಅಂದರೆ ಇರುವುದಿಲ್ಲ. ಸ್ವಿಸ್ ಜನ ವೈನ್ ಹಾಕುವುದು ಬರೀ ಘಮಕ್ಕಲ್ಲ. ವೈನಿನ ಹುಳಿ ಸ್ವಲ್ಪ ಕ್ಯಾಲ್ಸಿಯಂ ಅನ್ನು ಎಳೆದುಕೊಂಡು ಪ್ರೋಟೀನಿನ ಹಿಡಿತ ಸಡಿಲ ಮಾಡುತ್ತದೆ. ಆ ಕೆಲಸವನ್ನು ನಿಂಬೆರಸ ಅಷ್ಟೇ ಚೆನ್ನಾಗಿ ಮಾಡುತ್ತದೆ. ಹಾಗಂತ ಹುಳಿ ಜಾಸ್ತಿ ಸುರಿಯಬೇಡಿ. ಪನೀರ್ ಎಷ್ಟು ಕಾಯಿಸಿದರೂ ಕರಗುವುದಿಲ್ಲ ಅಲ್ವಾ? ಹುಳಿ ಹಾಕಿ ಒಡೆದಾಗಲೇ ಅದರ ಕ್ಯಾಲ್ಸಿಯಂ ಹೆಚ್ಚುಕಮ್ಮಿ ಹೊರಟುಹೋಗಿರುತ್ತದೆ. ಹಿತಮಿತವಾಗಿ ಹುಳಿ ಇದ್ದರೆ ಮಾತ್ರ ಚೀಸ್ ಕರಗುತ್ತದೆ.

ವೈನ್ ಬದಲಿಗೆ ಹೀಗೆ ಮಾಡಿ. ಅರ್ಧ ಈರುಳ್ಳಿ, ಅರ್ಧ ಸೇಬು, ನಾಲ್ಕಾರು ಕಾಳುಮೆಣಸನ್ನು ಅರ್ಧ ಲೀಟರ್ ನೀರಿಗೆ ಹಾಕಿ, ಅದು ಅರ್ಧಕ್ಕೆ ಇಳಿಯುವ ತನಕ ಸಣ್ಣ ಉರಿಯಲ್ಲಿ ಕುದಿಸಿ ಸೋಸಿಕೊಳ್ಳಿ. ಕಾಲು ಲೀಟರ್ ಉಳಿದರೆ ಸರಿ. ಇದಕ್ಕೆ ಎರಡು ಟೇಬಲ್ ಚಮಚ ನಿಂಬೆರಸ. ಉಪ್ಪು ಬೇಡವೇ ಬೇಡ. ಮುಂದೆ ಯಾವಾಗಲಾದರೂ ವೈನ್ ಹಾಕುವ ಹಾಗಿದ್ದರೆ ದೂರ ಹೋಗಬೇಕಿಲ್ಲ. ನಂದಿ ಬೆಟ್ಟದ ತಪ್ಪಲಿನ ತೋಟಗಳ ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನ್ ಸಾಕು. ಆಗಲೂ ಒಂದು ಚಮಚ ನಿಂಬೆರಸ ಇರಲಿ.

ಚೀಸನ್ನು ನೀವೇ ತುರಿಯಿರಿ. ತುರಿದು ಮಾರುವ ಪ್ಯಾಕೆಟ್‌ನಲ್ಲಿ ಅಂಟದಿರಲು ಪುಡಿ ಬೆರೆಸಿರುತ್ತಾರೆ, ಎಷ್ಟು ಅಂತ ನಮಗೆ ಗೊತ್ತಾಗುವುದಿಲ್ಲ. ತುರಿಗೆ ಎರಡು ಟೇಬಲ್ ಚಮಚ ಕಾರ್ನ್‌ಫ್ಲೋರ್ ಉದುರಿಸಿ ಕೈಯಲ್ಲಿ ಬೆರೆಸಿ. ದಪ್ಪ ತಳದ ಪಾತ್ರೆಯ ಒಳಗೆಲ್ಲ ಸೀಳಿದ ಬೆಳ್ಳುಳ್ಳಿ ಎಸಳನ್ನು ಉಜ್ಜಿ. ಸೋಸಿದ ನೀರು, ನಿಂಬೆರಸ ಹಾಕಿ ಬಿಸಿ ಮಾಡಿ. ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡ ಕೂಡಲೇ ಉರಿ ತೀರಾ ಸಣ್ಣದು ಮಾಡಿ, ಒಂದು ಹಿಡಿ ಚೀಸ್ ಹಾಕಿ. ಅದು ಕರಗಿದ ಮೇಲೆ ಇನ್ನೊಂದು ಹಿಡಿ. ಇಲ್ಲಿ ಅವಸರ ಮಾಡಬಾರದು. ಮರದ ಸೌಟಿನಲ್ಲಿ ಸುಮ್ನೆ ಸುತ್ತು ತಿರುಗಿಸುವ ಬದಲು ಅಡ್ಡಡ್ಡ, ಎಂಟರ ಆಕಾರದಲ್ಲಿ ತಿರುವಿ, ಇಲ್ಲದಿದ್ದರೆ ನಡುವಿನ ಚೀಸ್ ಮುದ್ದೆಯಾಗುತ್ತದೆ. ಕುದಿ ಬರಲೇಬಾರದು. ಕೊನೆಗೆ ಜಾಯಿಕಾಯಿ ಒಂದೆರಡು ಸಲ ತುರಿದು ಹಾಕಿ, ಮೆಣಸಿನ ಪುಡಿ ಹಾಕಿ. ಇಲ್ಲಿ ಮೆಣಸು ಅಂದರೆ ಕಾಳುಮೆಣಸೇ, ಖಾರದ ಪುಡಿ ಅಲ್ಲ. ಬಜ್ಜಿ ಹಿಟ್ಟಿನ ಹದ ಬಂದರೆ ಸರಿಯಾಗಿದೆ, ಬ್ರೆಡ್ಡಿಗೆ ಮೆತ್ತಿಕೊಳ್ಳುತ್ತದೆ.

ಗಟ್ಟಿಯಾದರೆ ಬಿಸಿನೀರು ಸ್ವಲ್ಪ ಸ್ವಲ್ಪ ಹಾಕಿ, ತಣ್ಣೀರು ಬೇಡ. ಒಡೆದು ಎಣ್ಣೆ ಕಂಡರೆ ಹೆದರಬೇಡಿ. ಒಂದು ಚಮಚ ಕಾರ್ನ್‌ಫ್ಲೋರ್ ಅನ್ನು ನಿಂಬೆರಸದಲ್ಲಿ ಕದಡಿ ಹಾಕಿ, ಸಣ್ಣ ಉರಿಯಲ್ಲಿ ವಿಸ್ಕ್‌ನಿಂದ ಜೋರಾಗಿ ಬೀಸಿ. ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ.

ಫಾಂಡ್ಯೂ ಸೆಟ್ ಕೊಳ್ಳಲೇಬೇಕೆಂದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಪುಟ್ಟ ಟೀ ಲೈಟ್ ಸೆಟ್‌ಗಳು ಚಾಕಲೇಟಿಗೆ ಸರಿ, ಇಷ್ಟು ಚೀಸಿಗೆ ಆ ಶಾಖ ಸಾಲದು. ಮನೆಯಲ್ಲಿ ಕಲ್ಚಟ್ಟಿ ಇದ್ದರೆ ಅದೇ ಒಳ್ಳೆಯದು, ಒಮ್ಮೆ ಕಾದರೆ ಬಹಳ ಹೊತ್ತು ಬಿಸಿ ಇರುತ್ತದೆ. ಆದರೆ ಹುಳಿ, ಗೊಜ್ಜು ಮಾಡುವ ಚಟ್ಟಿ ಬಳಸಬೇಡಿ. ಕಲ್ಲು ವಾಸನೆ ಹೀರುತ್ತದೆ, ಆಮೇಲೆ ಚೀಸ್ ಸಾರಿನ ಹಾಗೆ, ಸಾರು ಚೀಸಿನ ಹಾಗೆ ನಾರುತ್ತದೆ. ಅದೂ ಇಲ್ಲವಾದರೆ ಅಗಲ ಪಾತ್ರೆಯಲ್ಲಿ ಕುದಿನೀರು ಹಾಕಿ, ಅದರೊಳಗೆ ಚೀಸಿನ ಪಾತ್ರೆ ಇಟ್ಟು ಮೇಜಿಗೆ ತನ್ನಿ. ನೀರು ಆರಿದಾಗ ಬದಲಾಯಿಸಿ. ಸ್ಪಿರಿಟ್ ಬರ್ನರ್ ಬಳಸುವುದಾದರೆ ಒಂದೇ ಮಾತು: ಉರಿಯುವಾಗ ಅಥವಾ ಬಿಸಿ ಇರುವಾಗ ಅದಕ್ಕೆ ಇಂಧನ ಸುರಿಯಲೇಬಾರದು. ಜ್ವಾಲೆ ಕಣ್ಣಿಗೆ ಕಾಣದೇ ಇರಬಹುದು. ಮಕ್ಕಳಿದ್ದರೆ ಬಿಸಿನೀರಿನ ಉಪಾಯವನ್ನೂ ಮೇಜಿನ ನಡುವೆ, ಅವರ ಕೈಗೆ ಎಟುಕದ ಕಡೆ ಇಡಿ.

ಈಗ ಎಂಜಲು. ನಮ್ಮ ಹಿರಿಯರಿಗೆ, ಎಷ್ಟೋ ಕಿರಿಯರಿಗೂ, ಬಾಯಿಗಿಟ್ಟ ಫೋರ್ಕ್ ಮತ್ತೆ ಎಲ್ಲರ ಪಾತ್ರೆಗೆ ಹೋದರೆ ಆ ಪದಾರ್ಥ ಗಂಟಲಲ್ಲಿ ಇಳಿಯುವುದಿಲ್ಲ. ಇದನ್ನು ಹಳೇಕಾಲದ ಮಡಿ ಅಂತ ತಳ್ಳಿಹಾಕುವವರ ಜೊತೆ ನಾನಿಲ್ಲ. ಸ್ವಿಟ್ಜರ್ಲೆಂಡಿನ ಮೇಜಿನ ಶಿಷ್ಟಾಚಾರವೂ ಇದನ್ನೇ ಹೇಳುತ್ತದೆ: ಉದ್ದ ಫೋರ್ಕ್ ತುಟಿಗೆ ತಾಗಬಾರದು. ಹಾಗಾಗಿ ಪ್ರತಿಯೊಬ್ಬರಿಗೂ ಎರಡು ಫೋರ್ಕ್, ಒಂದು ತಟ್ಟೆ ಕೊಡಿ. ಉದ್ದ ಫೋರ್ಕಿನಿಂದ ಅದ್ದಿ, ತಟ್ಟೆಗೆ ಜಾರಿಸಿ, ಇನ್ನೊಂದು ಫೋರ್ಕಿನಿಂದ ಅಥವಾ ಕೈಯಿಂದಲೇ ತಿನ್ನುವುದು. ಮೊದಲ ತುಂಡನ್ನು ನೀವೇ ಹೀಗೆ ತಿಂದು ತೋರಿಸಿದರೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆ ಇಬ್ಬರು ಸಸ್ಯಾಹಾರಿಗಳಿಗೆ, ಅಥವಾ ಅತ್ತೆ ಮಾವನಂಥ ಹಿರಿಯರು ಬಂದರೆ ಅವರಿಗೆ, ಮೊದಲೇ ಸಣ್ಣ ಬಟ್ಟಲಿನಲ್ಲಿ ಬೇರೆ ಬಡಿಸಿ, ಬಿಸಿನೀರಿನ ತಟ್ಟೆಯಲ್ಲಿಡಿ. ಬೇರೆ ಕೂರಿಸಬೇಡಿ. ಅದೇ ಮೇಜು, ಅದೇ ಮಾತುಕತೆ, ಬಟ್ಟಲು ಮಾತ್ರ ಅವರದು. ಅದ್ದಲು ಇಡುವುದರಲ್ಲಿ ಚಿಕನ್ ಸಾಸೇಜ್ ಇದ್ದರಂತೂ ಈ ಏರ್ಪಾಡು ಬೇಕೇ ಬೇಕು.

ಅದ್ದಲು ಅಯ್ಯಂಗಾರ್ ಬೇಕರಿಯ ಬ್ರೆಡ್ ನನಗೆ ಇಷ್ಟವೇ, ಆದರೆ ಇದಕ್ಕಲ್ಲ. ಅದು ಮೆತ್ತಗೆ, ಸಿಹಿ, ಫೋರ್ಕಿನಿಂದ ಕಳಚಿ ಚೀಸಿಗೆ ಬೀಳುತ್ತದೆ. ಗಟ್ಟಿ ಸಿಪ್ಪೆಯ ಸೋರ್‌ಡೋ ಅಥವಾ ಬಗೆಟ್ ತಂದು ಒಂದು ದಿನ ಒಣಗಲು ಬಿಡಿ. ಪ್ರತಿ ತುಂಡಿಗೂ ಸ್ವಲ್ಪ ಸಿಪ್ಪೆ ಇರುವಂತೆ ಕತ್ತರಿಸಿ, ಫೋರ್ಕ್ ಸಿಪ್ಪೆಗೆ ಚುಚ್ಚಲಿ. ಜೊತೆಗೆ ಸಿಪ್ಪೆ ಸಮೇತ ಬೇಯಿಸಿದ ಪುಟ್ಟ ಆಲೂಗಡ್ಡೆ, ಅರೆಬೆಂದ ಹೂಕೋಸು, ಸೇಬು. ಹುಳಿಯಾದದ್ದು ಒಂದು ಬೇಕೇ ಬೇಕು, ಇಲ್ಲದಿದ್ದರೆ ನಾಲ್ಕು ತುತ್ತಿಗೆ ಬಾಯಿ ಕಟ್ಟುತ್ತದೆ. ಸ್ವಿಸ್ ಮೇಜಿನಲ್ಲಿ ವಿನೆಗರ್‌ನಲ್ಲಿ ನೆನೆಸಿದ ಮಿಡಿ ಸೌತೆ, ಸಣ್ಣ ಈರುಳ್ಳಿ ಇರುತ್ತವೆ. ಈ ಮಿಡಿ ಸೌತೆಯನ್ನು, ಅಂದರೆ ಗರ್ಕಿನ್ ಅನ್ನು, ನಮ್ಮ ಕರ್ನಾಟಕದ ರೈತರು 1990ರ ದಶಕದಿಂದ ರಫ್ತಿಗೆಂದೇ ಬೆಳೆಯುತ್ತಿದ್ದಾರೆ. ಒಂದು ಬಾಟಲಿ ನಮ್ಮ ಮೇಜಿಗೂ ಬರಲಿ.

ಕುಡಿಯಲು ಹಾಲಿಲ್ಲದ ಬಿಸಿ ಟೀ ಕೊಡಿ. ಫಾಂಡ್ಯೂ ಜೊತೆ ವೈನ್ ಕುಡಿದರೆ ಬೇಗ ಅರಗುತ್ತದೆ ಅನ್ನುವ ನಂಬಿಕೆ ಸ್ವಿಟ್ಜರ್ಲೆಂಡಿನಲ್ಲಿದೆ. ಜ್ಯೂರಿಕ್‌ನ ಸಂಶೋಧಕರು 20 ಜನರಿಗೆ ಫಾಂಡ್ಯೂ ತಿನ್ನಿಸಿ, ವೈನ್ ಮತ್ತು ಟೀ ಎರಡನ್ನೂ ಹೋಲಿಸಿ ನೋಡಿ, 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಮದ್ಯ ಕುಡಿದವರ ಹೊಟ್ಟೆಯೇ ನಿಧಾನವಾಗಿ ಖಾಲಿಯಾಗಿತ್ತು. ನಿಮ್ಮ ಮನೆಯಲ್ಲಿ ವೈನ್ ಇಲ್ಲ ಅಂತ ಅತಿಥಿಗಳಿಗೆ ಏನೂ ನಷ್ಟವಿಲ್ಲ.

ಫಾಂಡ್ಯೂ ನಂತರ ಭಾರದ ಊಟ ಇಡಬೇಡಿ. ಹಣ್ಣು, ಬೇಕಿದ್ದರೆ ಒಂದಿಷ್ಟು ತಿಳಿಸಾರು ಅನ್ನ. ಪಾತ್ರೆಯ ತಳದಲ್ಲಿ ಕಂದು ಬಣ್ಣದ ಹಪ್ಪಳದಷ್ಟು ತೆಳು ಪದರ ಕಟ್ಟಿರುತ್ತದೆ. ಸ್ವಿಸ್ ಜನ ಅದಕ್ಕೆ ಕಿತ್ತಾಡುತ್ತಾರೆ. ಚಾಕುವಿನಿಂದ ಎಬ್ಬಿಸಿ ಎಲ್ಲರಿಗೂ ಮುರಿದು ಹಂಚಿ. ಮಿಕ್ಕ ಚೀಸ್ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಟೋಸ್ಟಿಗೆ ಆಗುತ್ತದೆ. ಪಾತ್ರೆಗೆ ತಣ್ಣೀರು ತುಂಬಿಸಿ ರಾತ್ರಿಯೆಲ್ಲ ಬಿಡಿ. ಬಿಸಿನೀರು ಹಾಕಿ ಉಜ್ಜಲು ಹೋದರೆ ಚೀಸ್ ನಾರಿಗೆ ಸುತ್ತಿಕೊಂಡು ಅದನ್ನೂ ಎಸೆಯಬೇಕಾಗುತ್ತದೆ.