ನಿಮ್ಮ ಕಾಫಿ ಲೇಖನ ಈಗಿರುವ ಹಾಗೆ ಹಾಕ್ಲಿಕ್ಕಾಗೂದಿಲ್ಲ, ಯಾಕಂದ್ರೆ

ನಮಸ್ಕಾರ. ಪುಣೆಯಿಂದ ನಮ್ಮ ಪತ್ರಿಕೆಗೆ ನೀವು ಕಳ್ಸಿದ ಲೇಖನ, ಕೊಯ್ದ ಮೇಲೆ ಕಾಫಿ ಬೀಜದೊಳಗೆ ಏನೆಲ್ಲ ಬದಲಾಗ್ತದೆ ಅನ್ನೋದು, ಲೋಕಲ್‌ನಲ್ಲಿ ಡೊಂಬಿವಲಿಯಿಂದ ಬರುವಾಗ ಒಮ್ಮೆ ಮತ್ತೆ ಆಫೀಸಲ್ಲಿ ಕೂತು ಒಮ್ಮೆ ಓದಿದೆ. ಈಗಿರುವ ಹಾಗೆ ಹಾಕ್ಲಿಕ್ಕಾಗೂದಿಲ್ಲ. ಮೊದಲೇ ಹೇಳಿಬಿಡ್ತೇನೆ, ಇಲ್ಲದಿದ್ರೆ ನೀವು ಕೊನೆವರೆಗೂ ಅದನ್ನೇ ಹುಡುಕ್ತಾ ಓದ್ತೀರಿ. ಆದ್ರೆ ಕೈಬಿಡುವ ಲೇಖನವೂ ಅಲ್ಲ ಮಾರಾಯ್ರೆ, ಹಾಗಿದ್ದಿದ್ರೆ ಎರಡೇ ಸಾಲಲ್ಲಿ ಮುಗಿಸ್ತಿದ್ದೆ.

ಮೊದಲ ಒಂದೂವರೆ ಪುಟ ತೆಗೀರಿ. ಬಾಬಾ ಬುಡನ್, ಏಳು ಬೀಜ, ಯೆಮೆನ್, ಚಂದ್ರದ್ರೋಣ. ನಮಗೆ ಬರುವ ಕಾಫಿ ಲೇಖನ ಎಲ್ಲ ಅಲ್ಲಿಂದಲೇ ಹೊರಡೂದು, ಮಾಟುಂಗಾದಲ್ಲಿ ಕೂತು ಫಿಲ್ಟರ್ ಕಾಫಿ ಕುಡಿಯುವ ನಮ್ಮ ಓದುಗರಿಗೆ ಅದು ಬಾಯಿಪಾಠ.

ನಿಮ್ಮ ನಿಜವಾದ ವಿಷಯ ಎಲ್ಲಿ ಉಂಟು ಗೊತ್ತಾ? ಆರನೇ ಪುಟದಲ್ಲಿ, ಒಂದೇ ಸಾಲು, "ಈ ಹಂತದಲ್ಲಿ ಬೀಜವು ಜೀವಂತವಾಗಿರುತ್ತದೆ" ಅಂತ ಬರ್ದು ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲಿಂದ ಶುರು ಮಾಡಿ. ಹಣ್ಣು ಕಿತ್ತ ಮಾತ್ರಕ್ಕೆ ಬೀಜ ಸಾಯೂದಿಲ್ಲ, ಮೊಳಕೆ ಬರದ ಹಾಗೆ ಅದನ್ನ ತಡೆದಿಟ್ಟದ್ದು ಸುತ್ತ ಇರುವ ತಿರುಳು, ಪಲ್ಪರ್‌ಗೆ ಹಾಕಿ ಆ ತಿರುಳು ತೆಗೆದ್ರೆ ಬೀಜಕ್ಕೆ ಇನ್ನು ಹುಟ್ಟಬಹುದು ಅಂತ ಅನ್ನಿಸ್ತದೆ, ಹೊರಗಿಂದ ಎಂತದೂ ಕಾಣೂದಿಲ್ಲ ಆದ್ರೆ ಒಳಗೆ ಎರಡು ದಿನದಲ್ಲಿ ಮೊಳಕೆಯ ಕೆಲ್ಸ ಜೋರು ನಡೀತಿರ್ತದೆ. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಸಸ್ಯವಿಜ್ಞಾನಿ ಡಿರ್ಕ್ ಸೆಲ್ಮಾರ್ ಮತ್ತವರ ಜೊತೆಯವರು 2005ರ ಆಸುಪಾಸಿನಲ್ಲಿ ಇದನ್ನೇ ಅಳೆದು ತೋರಿಸಿದ್ದು. ಹಣ್ಣನ್ನ ಹಾಗೇ ಕಣದಲ್ಲಿ ಒಣಗಿಸಿದ್ರೆ, ಅಂದ್ರೆ ಚೆರ್ರಿ ಮಾಡಿದ್ರೆ, ಮೊಳಕೆಯ ಆಟ ತಡ, ಹೆಚ್ಚುಕಮ್ಮಿ ವಾರ ಕಳೆದ ಮೇಲೆ. ಆದ್ರೆ ಒಣಗುವ ದಿನ ಉದ್ದ, ಅಷ್ಟೂ ದಿನ ಜೀವ ಇರುವ ಬೀಜಕ್ಕೆ ಬಾಯಾರಿಕೆ, ಆ ಬರಗಾಲಕ್ಕೆ ಅದು ಗಾಬಾ ಅನ್ನುವ ಅಮೈನೋ ಆಸಿಡ್ ಒಟ್ಟು ಮಾಡ್ತದೆ. ಹಾಗಾಗಿ ಅದು ವಾಶ್ಡ್‌ಗಿಂತ, ಅಂದ್ರೆ ತಿರುಳು ತೆಗೆದು ತೊಟ್ಟಿಯಲ್ಲಿ ಲೋಳೆ ಬಿಡಿಸಿ ತೊಳೆದ ಬೀಜಕ್ಕಿಂತ, ಚೆರ್ರಿಯಲ್ಲಿ ಜಾಸ್ತಿ. ಆ ಕಡೆ ನೀರಿನ ತೊಟ್ಟಿಯಲ್ಲಿ ಮುಳುಗಿದ ಬೀಜಕ್ಕೆ ಉಸಿರಾಡ್ಲಿಕ್ಕೆ ಆಕ್ಸಿಜನ್ ಸಾಲೂದಿಲ್ಲ, ಒಳಗಿದ್ದ ಗ್ಲೂಕೋಸು ಫ್ರಕ್ಟೋಸನ್ನ ಸುಟ್ಟುಕೊಂಡು ದಿನ ದೂಡ್ತದೆ, ಹಾಗಾಗಿ ವಾಶ್ಡ್ ಬೀಜದಲ್ಲಿ ಅವೆರಡೂ ಕಡಿಮೆ.

ಒಂದೇ ಗಿಡ, ಒಂದೇ ದಿನ ಕೊಯ್ದ ಹಣ್ಣು, ಅರ್ಧ ತೊಟ್ಟಿಗೆ ಅರ್ಧ ಕಣಕ್ಕೆ ಹೋದ್ರೆ ತಿಂಗಳೊಳಗೆ ಎರಡರ ಕೆಮಿಸ್ಟ್ರಿ ಬೇರೆ. ಇದೇ ಲೇಖನ. ಉಳಿದದ್ದೆಲ್ಲ ಇದಕ್ಕೆ ಆಸರೆಯಾಗಿ ಬಂದ್ರೆ ಸಾಕು.

ಈಗ ತಪ್ಪುಗಳಿಗೆ ಬರೋಣ, ಬೇಜಾರ್ ಮಾಡ್ಕೊಬೇಡಿ. ತಿರುಳಿನ ಸಕ್ಕರೆ ಬೀಜದೊಳಗೆ ಇಳೀತದೆ, ಅದಕ್ಕೇ ಚೆರ್ರಿ ಕಾಫಿ ಸಿಹಿ ಅಂತ ಬರ್ದಿದ್ದೀರಿ. ಕೇಳ್ಲಿಕ್ಕೆ ಚಂದ, ಎಲ್ಲರೂ ಹೇಳೂದೂ ಹಾಗೇ. ಆದ್ರೆ ಬೀಜದಲ್ಲಿರುವ ದೊಡ್ಡ ಸಕ್ಕರೆ ಸುಕ್ರೋಸ್, ಅರೇಬಿಕಾ ಜಾತಿಯ ಕಾಫಿಯಲ್ಲಿ ಒಣತೂಕದ ಸುಮಾರು 6ರಿಂದ 9 ಪರ್ಸೆಂಟ್, ಅದು ಯಾವ ವಿಧಾನಕ್ಕೂ ಅಷ್ಟಾಗಿ ಕದಲೂದಿಲ್ಲ. ವ್ಯತ್ಯಾಸ ಇರೋದು ನಾನು ಮೇಲೆ ಹೇಳಿದ ಗ್ಲೂಕೋಸು ಫ್ರಕ್ಟೋಸಲ್ಲಿ, ಅದೂ ತಿರುಳಿಂದ ಬಂದದ್ದು ಅನ್ನೋದಕ್ಕಿಂತ ಬೀಜ ಖರ್ಚು ಮಾಡದೆ ಉಳಿಸಿದ್ದು.

ನಿಮ್ಮ ದೊಡ್ಡ ಟೇಬಲ್ ಅಂತೂ ಪೂರಾ ಹೋಗ್ಬೇಕು. ವಾಶ್ಡ್‌ನಲ್ಲಿ ಕೆಫೀನ್ 1.2 ಪರ್ಸೆಂಟ್, ಚೆರ್ರಿಯಲ್ಲಿ 2.2, ಆದ್ದರಿಂದ ನೀರಲ್ಲಿ ಕೆಫೀನ್ ತೊಳೆದು ಹೋಗ್ತದೆ ಅಂತ! ಅಂಕೆ ಸರಿ ಉಂಟು, ಅರ್ಥ ತಪ್ಪು. ನೀವು ಹೋಲಿಸಿದ್ದು ವಾಶ್ಡ್ ಅರೇಬಿಕಾ ಮತ್ತು ರೊಬಸ್ಟಾ ಚೆರ್ರಿ. ನಮ್ಮಲ್ಲಿ ಅರೇಬಿಕಾ ಹೆಚ್ಚಾಗಿ ಪಲ್ಪರ್‌ಗೆ ಹೋಗ್ತದೆ, ರೊಬಸ್ಟಾ ಹೆಚ್ಚಾಗಿ ಹಣ್ಣಾಗಿಯೇ ಒಣಗ್ತದೆ, ಹಾಗಾಗಿ ಕೊಡಗಿಂದಲೋ ಚಿಕ್ಕಮಗಳೂರಿಂದಲೋ ಸ್ಯಾಂಪಲ್ ತಂದ್ರೆ ಗಿಡದ ಜಾತಿಯ ವ್ಯತ್ಯಾಸವೇ ವಿಧಾನದ ವ್ಯತ್ಯಾಸದ ವೇಷ ಹಾಕಿ ಕೂತಿರ್ತದೆ. ಟೇಬಲ್‌ನ ಕ್ಲೋರೋಜೆನಿಕ್ ಆಸಿಡ್ ಸಾಲಿಗೂ ಅದೇ ಗತಿ, ಕೆಫೀನ್ ಹಾಗೇ ಅದೂ ರೊಬಸ್ಟಾದಲ್ಲಿ ಹುಟ್ಟಿನಿಂದಲೇ ಜಾಸ್ತಿ. ನೀವು ಫಾರ್ಮಾ ಲ್ಯಾಬಲ್ಲಿ ಕೆಲ್ಸ ಮಾಡುವವರು, ಎರಡೆರಡು ವಿಷಯ ಒಟ್ಟಿಗೆ ಬದಲಾಯಿಸಿ ಹೋಲಿಸಬಾರದು ಅಂತ ನಾನು ನಿಮಗೆ ಹೇಳ್ಬೇಕಾ?

ಕಂದು ಬಣ್ಣ ಕೊಡುವ ಮೆಲನಾಯ್ಡಿನ್ ಬಗ್ಗೆ ಬರೆದದ್ದು ಬೇಡ, ಅದು ಹುರಿಯುವಾಗಿನ ಕಥೆ. ಬ್ಯಾಕ್ಟೀರಿಯಾಗಳ ಲ್ಯಾಟಿನ್ ಹೆಸರಿನ ಪಟ್ಟಿಯೂ ಬೇಡ. ಬೀಜಕ್ಕೆ ಅಂಟಿದ ಲೋಳೆಯಲ್ಲಿರುವ ಪೆಕ್ಟಿನ್ ಅನ್ನುವ ಅಂಟು ಸಡಿಲ ಆಗ್ತದೆ, ಯೀಸ್ಟು ಮತ್ತು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಅಲ್ಲಿನ ಸಕ್ಕರೆ ತಿಂದು ಹುಳಿ ಬಿಡ್ತವೆ, ತೊಟ್ಟಿ ಹುಳಿಯಾಗ್ತಾ ಹೋಗ್ತದೆ, ಹೆಚ್ಚು ಹೊತ್ತು ಬಿಟ್ರೆ ಬೀಜವೇ ನಾರ್ತದೆ. ಇಷ್ಟು ಸಾಕು.

ಇನ್ನು ನಿಮ್ಮಲ್ಲಿರುವ, ಬೇರೆಯವರಲ್ಲಿ ಇಲ್ಲದ ವಿಷಯ. ಮೂಡಿಗೆರೆ ಕಡೆ ನಿಮ್ಮ ಮನೆಯ ಕಣ, ಅದಕ್ಕೆ ನೀವು ಕೊಟ್ಟದ್ದು ಎರಡೇ ಸಾಲು, ಸಂಜೆ ಅಪ್ಪ ರಾಶಿ ಮಾಡಿ ಟಾರ್ಪಲ್ ಹೊದಿಸ್ತಿದ್ರು ಅಂತ. ಯಾಕೆ ಹೊದಿಸ್ತಿದ್ರು ಬರೀರಿ. ರಾತ್ರಿ ಇಬ್ಬನಿಗೆ ಬೀಜ ಮತ್ತೆ ತೇವ ಹಿಡಿದ್ರೆ ಬೂಸ್ಟು, ಬೂಸ್ಟಲ್ಲಿ ಓಕ್ರಾಟಾಕ್ಸಿನ್ ಅನ್ನುವ ವಿಷ, ಅದು ಹುರಿದ್ರೂ ಪೂರ್ತಿ ಹೋಗೂದಿಲ್ಲ. ತೊಟ್ಟಿಯಿಂದ ಪಾರ್ಚ್‌ಮೆಂಟ್, ಅಂದ್ರೆ ಒಳಸಿಪ್ಪೆ ಇರುವ ಬೀಜ, ತೆಗೆದು ಅಂಗೈಯಲ್ಲಿ ತಿಕ್ಕಿ ಜಲ್ಲಿಯ ಹಾಗೆ ಒರಟು ಸದ್ದು ಬಂದ್ರೆ ತೊಳೀಲಿಕ್ಕೆ ಆಯ್ತು ಅಂತ, ಒಣಗಿದ ಚೆರ್ರಿ ಕಿವಿ ಹತ್ರ ಅಲ್ಲಾಡಿಸಿದ್ರೆ ಕಲಕಲ ಅಂದ್ರೆ ಚೀಲಕ್ಕೆ ಆಯ್ತು ಅಂತ, ಇದನ್ನೆಲ್ಲ ನೋಡಿಯೇ ಬೆಳೆದಿರ್ತೀರಲ್ಲ? ತೇವ ಹತ್ತು ಹನ್ನೊಂದು ಪರ್ಸೆಂಟಿಗೆ ಇಳೀಬೇಕು ಅಂತ ಬರೆಯುವ ಜಾಗದಲ್ಲೇ ಆ ಸದ್ದನ್ನೂ ಬರೀರಿ, ಎರಡೂ ಒಂದೇ ವಿಷಯದ ಅಳತೆ.

ಮನ್ಸೂನ್ಡ್ ಮಲಬಾರ್ ಭಾಗ ಇದರಲ್ಲಿ ತುರುಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಗೋದಾಮಲ್ಲಿ ಒಣಗಿದ ಚೆರ್ರಿ ಬೀಜಕ್ಕೆ ಮಳೆಗಾಳಿ ಕುಡಿಸಿ ಉಬ್ಬಿಸೋದು, ಹುಳಿ ಇಳಿಸೋದು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮೊದಲು ಹಡಗಲ್ಲಿ ತಿಂಗಳುಗಟ್ಟಲೆ ಹೋಗುವಾಗ ತಾನಾಗಿ ಆಗ್ತಿದ್ದ ಕೆಲ್ಸ ಅದು. ನನ್ನ ಊರ ಕಡೆಯದ್ದು ಅಂತ ಹೇಳೂದಲ್ಲ, ಅದಕ್ಕೆ ಬೇರೆಯೇ ಲೇಖನ ಬೇಕು, ಇದು ಮುಗಿದ ಮೇಲೆ ಬರೀರಿ.

ಮುಂದಿನ ತಿಂಗಳ ಸಂಚಿಕೆಗೆ ಬೇಕಿದ್ರೆ ಹತ್ತನೇ ತಾರೀಕಿನೊಳಗೆ ಕಳ್ಸಿ, ಸಾವಿರದ ಇನ್ನೂರು ಶಬ್ದ ಮೀರ್ಬಾರ್ದು, ಯೂನಿಕೋಡಲ್ಲೇ ಟೈಪ್ ಮಾಡಿ. ಫೋಟೋ ಇದ್ರೆ ಕಣದ್ದು ಕಳ್ಸಿ, ಲ್ಯಾಬಿನ ಮಷಿನಿದ್ದು ಬೇಡ.